ಕೀಲಿಯಲ್ಲ, ಕೀಲು

ಭಾನುವಾರ, ಊಟವಾದ ಮೇಲೆ

ನನ್ನ ಮುದ್ದು ಚಿಲಕಕ್ಕೆ,

ಅಪ್ಪ ಇಟ್ಟ ಹೆಸರಿನಿಂದಲೇ ಕರೆಯುತ್ತಿದ್ದೇನೆ. ಮುಖ ಊದಿಸಿಕೊಂಡೇ ಓದು, ಬೇಡ ಎನ್ನುವುದಿಲ್ಲ. ಆದರೆ ಕೊನೆಯ ಸಾಲಿನವರೆಗೂ ಓದು. ನಾನು ಮೊದಲಿನಿಂದಲೂ ಮಾತಿನಲ್ಲಿ ಜಿಪುಣಿ. ಫೋನ್ ಹಿಡಿದರಂತೂ "ಹೂಂ, ಊಟ ಆಯ್ತಾ, ಸರಿ ಇಡ್ಲಾ" ಎನ್ನುವಷ್ಟರಲ್ಲಿ ನನ್ನ ಸರಕು ಮುಗಿದುಹೋಗುತ್ತದೆ. ಬರೆಯುವುದಾದರೆ ಪರವಾಗಿಲ್ಲ. ದಿನಚರಿ ಬರೆದೂ ಬರೆದೂ ಕೈ ಪಳಗಿದೆ. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆದರೆ ಬೇಸರ ಮಾಡಿಕೊಳ್ಳಬೇಡ. ಅದು ದಿನಚರಿ ಬರೆಯುವವರ ಚಾಳಿ.

ನಿನ್ನ ಚೀಟಿ ಗುರುವಾರ ಅಂಗಡಿಯ ವಿಳಾಸಕ್ಕೆ ಬಂತು. ಎರಡೇ ಸಾಲು. "ಹಳೆ ಕೀಲಿಗಳ ಡಬ್ಬಿಯಲ್ಲಿದ್ದ ಅಪ್ಪನ ಮಾತ್ರೆಗಳನ್ನು ನಾನು ಅವತ್ತೇ ನೋಡಿದೆ. ಈಗ ಮನೆಯ ಬೀಗವನ್ನೂ ಬದಲಾಯಿಸಿದ್ದೀಯ, ಸರಿ, ನನಗೆ ಅರ್ಥವಾಯಿತು." ಕೆಳಗೆ ನಿನ್ನ ಹೆಸರೂ ಇಲ್ಲ. ಗಿರಾಕಿಯೊಬ್ಬರು ಎದುರಿಗೇ ನಿಂತಿದ್ದರು. "ಏನಮ್ಮಾ, ಕೆಟ್ಟ ಸುದ್ದಿನಾ?" ಎಂದು ಕೇಳಿದರು. "ಇಲ್ಲಪ್ಪ, ಮಗಳು ಬರ್ದಿದಾಳೆ" ಎಂದೆ. ಅವರ ಕೀಲಿಯನ್ನು ಕೊರೆದು ಕೊಟ್ಟು ಕಳಿಸಿದ ಮೇಲೆ ಮತ್ತೆ ಓದಿದೆ.

ಎರಡಕ್ಕೂ ಇಲ್ಲೇ ಉತ್ತರ ಕೊಡುತ್ತೇನೆ. ನಾನು ಬೀಗ ಬದಲಾಯಿಸಿಲ್ಲ. ಅಪ್ಪ ಮಾತ್ರೆ ತಪ್ಪಿಸಿಲ್ಲ. ಇಷ್ಟು ಬರೆದು ಲಕೋಟೆ ಅಂಟಿಸಿಬಿಡಬಹುದಿತ್ತು. ಆದರೆ ನೀನು ಅಪ್ಪನ ಮಗಳು. ಬಿಚ್ಚಿ ತೋರಿಸದೆ ಯಾವ ಬೀಗವನ್ನೂ ನಂಬುವವಳಲ್ಲ. ಅದಕ್ಕೇ ಬಿಚ್ಚಿ ಬರೆಯುತ್ತೇನೆ.

ಮೊದಲು ಬೀಗದ ವಿಷಯ. ನೀನು ಬಂದುಹೋದದ್ದು ನನಗೆ ಮಹಡಿಯ ಟೀಚರಮ್ಮ ಹೇಳಿ ಗೊತ್ತಾಯಿತು. "ನಿಮ್ಮ ಮಗಳು ಬಂದಿದ್ಲಲ್ಲ, ಬಾಗ್ಲ ಮುಂದೆ ಸುಮಾರು ಹೊತ್ತು ಬಗ್ಗಿಕೊಂಡು ಏನೋ ಮಾಡ್ತಿದ್ಲು. ಮಾತಾಡಿಸಿದೆ. ಏನಿಲ್ಲ ಟೀಚರ್, ತಪ್ಪು ಮನೆಗೆ ಬಂದೆ ಅಂತ ಹೇಳಿ ಮೆಟ್ಟಿಲಿಳಿದು ಹೋದ್ಲು" ಎಂದರು. ಪಾಪ, ಅವರಿಗೆ ಅದು ತಮಾಷೆ ಎನ್ನಿಸಿ ನಗುತ್ತಾ ಹೇಳಿದರು. ನಾನೂ ನಕ್ಕೆ. ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಂಬೆಗಾಲಿಟ್ಟ ಮನೆ, ಗೋಡೆಯ ತುಂಬ ಕೆಂಪು ಪೆನ್ಸಿಲಿನಲ್ಲಿ ಗೀಚಿದ ಮನೆ, ತಪ್ಪು ಮನೆಯಾಯಿತೇ?

ನೀನು ಬಂದಾಗ ನಾನು ಅಂಗಡಿಯಲ್ಲಿದ್ದೆ. ನಾನು ಯಾವಾಗಲೂ ಮನೆಯಲ್ಲೇ ಇರುತ್ತೇನೆ ಎಂದುಕೊಂಡಿರಬೇಕು ನೀನು. ಈಗ ಇರುವುದಿಲ್ಲ. ಅಂಗಡಿಯ ಶಟರ್ ಎತ್ತಿ, ಅಪ್ಪನ ಸ್ಟೂಲನ್ನು ಒಂಚೂರು ತಗ್ಗಿಸಿಕೊಂಡು, ಕೀಲಿ ಕೊರೆಯುವ ಯಂತ್ರದ ಮುಂದೆ ಕೂರುತ್ತೇನೆ. ಇಷ್ಟು ವರ್ಷ ಗಲ್ಲಾ ನೋಡಿಕೊಂಡು ಪಕ್ಕದಲ್ಲಿ ಕೂತಿದ್ದು ಸುಮ್ಮನೆ ಹೋಗಲಿಲ್ಲ. ಶುರುವಿನಲ್ಲಿ ನಾನು ಕೊರೆದ ಕೀಲಿಗಳು ವಾಪಸ್ ಬರುತ್ತಿದ್ದವು. "ಅಮ್ಮಾ, ಇದು ನಿಮ್ಮ ಮನೆ ಬಾಗ್ಲಿಗೆ ಹಾಕಿ ನೋಡಿ, ನಮ್ಮನೇದಕ್ಕಂತೂ ಆಗ್ಲಿಲ್ಲ" ಎಂದು ಒಬ್ಬ ಡ್ರೈವರ್ ಹಂಗಿಸಿದ. ಈಗ ಅದೇ ಡ್ರೈವರ್ ತನ್ನ ಭಾವನನ್ನೂ ಕರೆದುಕೊಂಡು ಬರುತ್ತಾನೆ. ಹಿತ್ತಾಳೆಯ ಪುಡಿ ಉಗುರಿನ ಸಂದಿಯಲ್ಲಿ ಸೇರಿಕೊಂಡು, ಅಪ್ಪನ ಕೈಯಿಂದ ಬರುತ್ತಿದ್ದ ವಾಸನೆಯೇ ನನ್ನ ಕೈಯಿಂದಲೂ ಬರುತ್ತದೆ. ಅನ್ನ ತಿನ್ನುವಾಗ ಒಂದು ಗಳಿಗೆ ಗಲಿಬಿಲಿಯಾಗುತ್ತದೆ, ಅಷ್ಟೇ.

ಬೇರೆ ಯಾರ ಮನೆಯ ಹುಡುಗಿಯಾದರೂ ಕೀಲಿ ತಿರುಗದಿದ್ದರೆ ಏನು ಮಾಡುತ್ತಿದ್ದಳು ಹೇಳು? ಬಾಗಿಲಿಗೆ ಒದೆಯುತ್ತಿದ್ದಳು, ಅಮ್ಮನಿಗೆ ಫೋನ್ ಮಾಡಿ ಕೂಗಾಡುತ್ತಿದ್ದಳು. ನೀನು ಬೀಗದವರ ಮಗಳು. ಅಪ್ಪ ಕೊರೆದ ಕೀಲಿ ತಪ್ಪುವುದಿಲ್ಲ, ಹಾಗಾದರೆ ಬೀಗವೇ ಬೇರೆ, ಎಂದುಕೊಂಡುಬಿಟ್ಟೆ. ನಮ್ಮ ಮನೆಯಲ್ಲಿ ಬೀಗ ಬದಲಾಯಿಸುವುದು ಎಂದರೆ ಏನೆಂದು ನಿನಗೂ ಗೊತ್ತು, ನನಗೂ ಗೊತ್ತು. ಕಳ್ಳತನವೂ ಆಗದೆ, ಕೀಲಿಯೂ ಕಳೆಯದೆ, ಸುಮ್ಮನೆ ಬೀಗ ಬದಲಾಯಿಸಿ ಎಂದು ಯಾರಾದರೂ ಕರೆಸಿದರೆ ಅಪ್ಪ ಮನೆಗೆ ಬಂದು ಚಪ್ಪಲಿ ಬಿಡುತ್ತಾ ಮೆಲ್ಲಗೆ ಹೇಳುತ್ತಿದ್ದರು: "ಆ ಮನೇಲಿ ಯಾರನ್ನೋ ಹೊರಗೆ ಹಾಕಿದಾರೆ ಕಣೆ." ಅವತ್ತು ಅವರಿಗೆ ಊಟ ಸೇರುತ್ತಿರಲಿಲ್ಲ. ಅಂಥವರ ಹೆಂಡತಿ ನಾನು. ನಿನ್ನನ್ನು ಹೊರಗಿಡಲು ಬೀಗ ಬದಲಾಯಿಸುತ್ತೇನೆಯೇ?

ಬೀಗ ಅದೇ ಹಿತ್ತಾಳೆಯದು. ನಿನ್ನ ಕೀಲಿಯೂ ಅದೇ, ನೀನು ಹೈಸ್ಕೂಲಿಗೆ ಸೇರಿದಾಗ ಕೊರೆದು ದಾರ ಕಟ್ಟಿ ಕೊಟ್ಟಿದ್ದು. ಬದಲಾಗಿರುವುದು ಬಾಗಿಲು. ಮೇಲಿನ ಕೀಲು ಸಡಿಲವಾಗಿ ಬಾಗಿಲು ಚೂರು ಜೋತಿದೆ. ಅದರ ಜೊತೆ ಬೀಗವೂ ಕೆಳಗಿಳಿದಿದೆ. ಬೀಗದ ನಾಲಗೆ ಚೌಕಟ್ಟಿನ ತೂತಿನ ಅಂಚಿಗೆ ಒತ್ತಿಕೊಂಡು ಕೂತಿದೆ. ಹಾಗಾಗಿ ಎಷ್ಟು ಬಲ ಹಾಕಿದರೂ ಕೀಲಿ ತಿರುಗುವುದಿಲ್ಲ. ಈ ವರ್ಷ ತೇವ ಜಾಸ್ತಿ, ಮರ ನೀರು ಕುಡಿದು ಭಾರವಾಗಿದೆ, ಅದರಿಂದ ಹೀಗಾಗಿದೆ. ಹಿಡಿಕೆ ಹಿಡಿದು ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಕೀಲಿ ತಿರುಗಿಸಿದರೆ ಸಲೀಸಾಗಿ ತೆರೆಯುತ್ತದೆ. ನಾನು ದಿನಾ ಹಾಗೇ ತೆರೆಯುತ್ತೇನೆ. ನಿಜ ಹೇಳಬೇಕೆಂದರೆ, ನಾನು ಎತ್ತುತ್ತಿದ್ದೇನೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ನಿನ್ನ ಚೀಟಿ ಬಂದ ಸಂಜೆ ಬಾಗಿಲ ಮುಂದೆ ನಿಂತು, ನನ್ನ ಕೈ ಏನು ಮಾಡುತ್ತಿದೆ ಎಂದು ನಾನೇ ನೋಡಿದೆ. ಬಾಗಿಲು ದಿನದಿನಕ್ಕೆ ಇಳಿದಿತ್ತು, ಕೈ ದಿನದಿನಕ್ಕೆ ಅದಕ್ಕೆ ಒಗ್ಗಿತ್ತು. ಈ ಬಾಗಿಲು ಬೇರೆಯವರಿಗೆ ತೆರೆಯುವುದಿಲ್ಲ ಎಂದು ನನಗೆ ಹೊಳೆಯಲೇ ಇಲ್ಲ.

ಅಪ್ಪ ಇದ್ದಿದ್ದರೆ ನಿನ್ನ ತಲೆಗೆ ಒಂದು ಮೊಟಕಿ ಹೇಳುತ್ತಿದ್ದರು, "ಕೀಲಿ ಅಲ್ಲ, ಕೀಲು." ಬಡಗಿಗಳು ಅದಕ್ಕೆ ಬಿಜಾಗರಿ ಎನ್ನುತ್ತಾರೆ. ಅಪ್ಪನಿಗೆ ಮಾತ್ರ ಅದು ಕೀಲು. ನಮ್ಮ ಮೊಣಕಾಲಿಗೂ ಬಾಗಿಲಿಗೂ ಒಂದೇ ಹೆಸರು. ಸಂಗೀತದ ಮೇಷ್ಟ್ರು ಬೀಗ ಕೂರುತ್ತಿಲ್ಲವೆಂದು ಕರೆಸಿದ್ದು ನೆನಪಿದೆಯಾ? ಅಪ್ಪ ಬೀಗದ ಕಡೆ ತಿರುಗಿಯೂ ನೋಡದೆ, ಬಾಗಿಲಿನ ಆ ಕಡೆ ಅಂಚಿಗೆ ಹೋಗಿ ಮಂಡಿಯೂರಿ ಕೂತರು. ಮೇಷ್ಟ್ರು ಹೆಂಡತಿಯನ್ನು ಕರೆದು, "ನೋಡು ಬಾರೆ, ಬೀಗದವನನ್ನ ಕರೆಸಿದ್ರೆ ಬಡಗಿ ಬಂದವ್ನೆ" ಎಂದರಂತೆ. ಸ್ಕ್ರೂ ಬಿಗಿ ಮಾಡಿದ ಮೇಲೆ ಬಾಗಿಲು ಎದ್ದು ನಿಂತಿತು, ಆ ತುದಿಯಲ್ಲಿದ್ದ ಬೀಗ ಟಕ್ ಎಂದು ಕೂತಿತು. ನೀನು ಆಗ ಹೇಳುತ್ತಿದ್ದೆ: "ನಮ್ಮಪ್ಪ ಕೀಲಿ ಮಾರೋ ಕಡೆಯೆಲ್ಲ ಕೀಲು ಬಿಗಿ ಮಾಡಿ ಬರ್ತಾರೆ. ಒಂದು ಅಕ್ಷರದಲ್ಲಿ ನಮ್ಮ ವ್ಯಾಪಾರ ಹೋಯ್ತು."

ಇನ್ನು ಮಾತ್ರೆಯ ವಿಷಯ. ಇದನ್ನು ನಿಧಾನವಾಗಿ ಓದು.

ಅಪ್ಪನ ರಕ್ತದ ಕಾಯಿಲೆ ಗೊತ್ತಾದಾಗ ನೀನು ಕಾಲೇಜಿನಲ್ಲಿದ್ದೆ. ಬಿಳಿ ಕಣಗಳು ಅಂಕೆ ಮೀರಿ ಹುಟ್ಟುವ ಕಾಯಿಲೆ. ಒಂದು ಪ್ರೋಟೀನ್ ಹುಟ್ಟಬಾರದ ರೀತಿಯಲ್ಲಿ ಹುಟ್ಟಿಕೊಂಡು, ಬಾಯಿ ಮುಚ್ಚದೆ "ಹೆಚ್ಚಿರಿ, ಹೆಚ್ಚಿರಿ" ಎಂದು ಆಜ್ಞೆ ಮಾಡುತ್ತಿರುತ್ತದೆ, ಮಾತ್ರೆ ಹೋಗಿ ಅದರ ಮಡಿಕೆಯಲ್ಲಿ ಕೂತರೆ ಅದು ಸುಮ್ಮನಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಅಪ್ಪನಿಗೆ ಖುಷಿಯೋ ಖುಷಿ. "ಹಂಗಾದ್ರೆ ಬೀಗದೊಳಗೆ ಕೀಲಿ ಮುರ್ಕೊಂಡಂಗೆ. ಇನ್ನೊಂದು ಕೀಲಿ ಒಳಗೆ ಹೋಗಲ್ಲ, ಬೀಗ ತಿರುಗಲ್ಲ" ಎಂದರು. ಜೀವಮಾನವೆಲ್ಲ ಜನರ ಬೀಗದಿಂದ ಮುರಿದ ಕೀಲಿ ತೆಗೆದವರು ಪ್ರತಿ ಬೆಳಿಗ್ಗೆ ತಿಂಡಿಯ ಜೊತೆ ಒಂದು ಮುರಿದ ಕೀಲಿ ನುಂಗತೊಡಗಿದರು. ಕೈಕಾಲಿನ ಕೀಲೆಲ್ಲ ನೋಯುತ್ತಿತ್ತು, ಕಣ್ಣಿನ ಸುತ್ತ ಊದುತ್ತಿತ್ತು. ಆದರೂ ಒಂದು ದಿನವೂ ಬಿಡಲಿಲ್ಲ. ಮೇಜಿನ ಎದುರು ಕೂತಿರುತ್ತಿದ್ದವಳು ನಾನು, ನನಗೆ ಗೊತ್ತು.

ಆಮೇಲೆ ನೀನು ದೊಡ್ಡ ಓದಿಗೆ ಹೋದೆ, ಪ್ರೋಟೀನುಗಳನ್ನೇ ಹಿಡಿದುಕೊಂಡೆ. ಒಂದು ರಜೆಯಲ್ಲಿ ಊಟದ ಮೇಜಿನ ಮೇಲೆ ನೀನು ಪಾಠ ಮಾಡಿದ್ದು ನನ್ನ ದಿನಚರಿಯಲ್ಲಿದೆ. ಅಪ್ಪ ತಮ್ಮ ಬೀಗದ ಕಥೆ ಹೇಳಿದ್ದೇ ತಡ, ನೀನು ಚಮಚ ಕೆಳಗಿಟ್ಟು, "ಅಲ್ಲಪ್ಪ, ನಮ್ಮ ಬೀಗ ನಿಮ್ಮ ಬೀಗದ ಥರ ಗಟ್ಟಿ ಕಬ್ಬಿಣ ಅಲ್ಲ. ಅದು ಉಸಿರಾಡುತ್ತೆ. ಕಣ್ಣು ಮಿಟುಕಿಸೋದ್ರೊಳಗೆ ಎಷ್ಟು ಸಲ ಮೈಮುರಿಯುತ್ತೋ ಲೆಕ್ಕ ಇಲ್ಲ. ಕೀಲಿ ಬಂದ ಗಳಿಗೆಗೆ ಸರಿಯಾದ ಭಂಗಿಯಲ್ಲಿದ್ರೆ ಹಿಡ್ಕೊಳುತ್ತೆ. ಹಿಡ್ಕೊಂಡ ಮೇಲೆ ಎರಡೂ ಇನ್ನೊಂಚೂರು ಬಾಗಿ ಬಿಗಿಯಾಗುತ್ತೆ" ಎಂದೆ. ಅಪ್ಪ, "ಅಂಥ ಬೀಗ ನಾನೇನಾದ್ರೂ ಮಾರಿದ್ರೆ ಊರಿನೋರು ಅಟ್ಟಿಸ್ಕೊಂಡು ಬರ್ತಾರೆ ಕಣೆ ಚಿಲಕಾ" ಎಂದರು. ನೀವಿಬ್ಬರೂ ನಕ್ಕು ನಕ್ಕು ನೀರು ಗಂಟಲಿಗೆ ಸಿಕ್ಕಿಸಿಕೊಂಡಿರಿ.

ನೀನು ಪ್ರಬಂಧ ಬರೆಯುತ್ತಿದ್ದ ವರ್ಷ, ಶುರುವಿನಲ್ಲೇ, ಅಪ್ಪನ ಕಣಗಳು ಮತ್ತೆ ಏರತೊಡಗಿದವು. ಡಾಕ್ಟರಮ್ಮ ಯಾವುದೋ ದೊಡ್ಡ ಪರೀಕ್ಷೆಗೆ ರಕ್ತ ಕಳಿಸಿದರು. ಉತ್ತರ ಬಂದ ದಿನ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಪ್ರೋಟೀನ್ ಎಂದರೆ ಸುತ್ತಿ ಮಡಚಿಟ್ಟ ಮಣಿಸರ ಎಂದುಕೊಳ್ಳಿ, ಅದರಲ್ಲಿ ಒಂದು ಮಣಿ ಬದಲಾಗಿದೆ, ಅದೂ ಮಾತ್ರೆ ಕೂರುವ ಜಾಗದಲ್ಲಲ್ಲ, ದೂರದಲ್ಲಿ. ಆದರೆ ಆ ಒಂದು ಮಣಿಯಿಂದಾಗಿ ಸರ ಮಡಚಿಕೊಳ್ಳುವ ರೀತಿಯೇ ಬೇರೆಯಾಗಿದೆ. ಮಾತ್ರೆಗೆ ಬೇಕಾದ ಭಂಗಿಗೆ ಅದು ಬರುವುದೇ ಅಪರೂಪ. ಮಾತ್ರೆ ಹೋಗುತ್ತದೆ, ಕೂರಲು ಜಾಗ ಸಿಗದೆ ವಾಪಸ್ ಬರುತ್ತದೆ. ಹೀಗೆಂದರು.

ಅಪ್ಪ ಮೊದಲು ಹೇಳಿದ್ದು, "ನಾನು ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ." ಶಾಲೆಯಲ್ಲಿ ಮಗು ಹೇಳುವ ಹಾಗೆ ಹೇಳಿದರು. ಡಾಕ್ಟರಮ್ಮ, "ಗೊತ್ತು ಯಜಮಾನ್ರೇ. ತಪ್ಪದೆ ತಗೊಂಡೋರಿಗೂ ಹೀಗಾಗುತ್ತೆ. ಇದು ನಿಮ್ಮ ತಪ್ಪಲ್ಲ, ಮಾತ್ರೆ ತಪ್ಪೂ ಅಲ್ಲ" ಎಂದರು. ಆಗ ಅಪ್ಪನ ಮುಖ ಸಡಿಲವಾಯಿತು. "ಹಂಗಾದ್ರೆ ಕೀಲಿ ಕೆಟ್ಟಿಲ್ಲ, ಬೀಗಾನೂ ಕೆಟ್ಟಿಲ್ಲ. ಕೀಲು ಜಗ್ಗಿದೆ ಅನ್ನಿ" ಎಂದರು. ಡಾಕ್ಟರಮ್ಮನಿಗೆ ಅರ್ಥವಾಗದೆ ನಾನು ಬಾಗಿಲ ಕಥೆ ವಿವರಿಸಬೇಕಾಯಿತು. "ಸರಿ, ನಾಳೆಯಿಂದ ನೀವಿಲ್ಲಿ ಪಾಠ ಮಾಡಿ, ನಾನು ಬೀಗ ರಿಪೇರಿಗೆ ಹೋಗ್ತೀನಿ" ಎಂದು ಅವರು ನಕ್ಕರು. ಅಪ್ಪನೂ ನಕ್ಕು, ಮೆಲ್ಲಗೆ ಕೇಳಿದರು, "ಆ ಸ್ಕ್ರೂ ಬಿಗಿ ಮಾಡೋಕಾಗಲ್ವಾ?" ಅದಕ್ಕೆ ಅವರು ನಗಲಿಲ್ಲ. "ಅಷ್ಟು ಸಣ್ಣ ಸ್ಕ್ರೂಡ್ರೈವರ್ ನಮ್ಮ ಹತ್ರ ಇನ್ನೂ ಇಲ್ಲ" ಎಂದರು. ಬೇರೆ ಮಾತ್ರೆ ಬರೆದುಕೊಟ್ಟರು. ಅದು ಮೊದಲಿನದರಷ್ಟು ಹಟಮಾರಿಯಲ್ಲವಂತೆ. ಪ್ರೋಟೀನ್ ಈ ಭಂಗಿಯಲ್ಲಿದ್ದರೂ ಆ ಭಂಗಿಯಲ್ಲಿದ್ದರೂ ಜಾಗ ಮಾಡಿಕೊಂಡು ಕೂರುತ್ತದಂತೆ.

ಮುಂದಿನ ತಿಂಗಳುಗಳಿಗೆಂದು ಆಸ್ಪತ್ರೆಯವರು ಒಟ್ಟಿಗೇ ಕೊಟ್ಟಿದ್ದ ಹಳೆ ಮಾತ್ರೆಗಳು ಅಷ್ಟರಲ್ಲಿ ಮನೆಗೆ ಬಂದಾಗಿದ್ದವು. ನೀನು ನೋಡಿದ್ದು ಅವನ್ನು. "ವಾಪಸ್ ಕೊಟ್ಟುಬಿಡೋಣ ರೀ" ಎಂದು ನಾನು ಹೇಳಿದೆ. ಅವರು ಕೇಳಬೇಕಲ್ಲ. ಬೀಗ ಕಳೆದುಕೊಂಡ ಕೀಲಿಯನ್ನು ಅಪ್ಪ ಯಾವತ್ತಾದರೂ ಎಸೆದದ್ದುಂಟೇ? "ಇವೂ ಬೀಗ ಕಳ್ಕೊಂಡ ಕೀಲಿಗಳೇ ಕಣೆ. ಯಾವ ಬಾಗ್ಲು ಯಾವಾಗ ಮತ್ತೆ ಹಳೇ ಥರ ನಿಲ್ಲುತ್ತೋ, ಯಾರಿಗೆ ಗೊತ್ತು" ಎಂದು ಆ ಬಿಸ್ಕತ್ತಿನ ಡಬ್ಬಿಯಲ್ಲಿ, ತುಕ್ಕು ಹಿಡಿದ ಕೀಲಿಗಳ ಮಧ್ಯೆ ಇಟ್ಟರು. ಅಪ್ಪ ಹೋದ ಮೇಲೆ ನೀನು ಅಂಗಡಿ ಸರಿಮಾಡಲು ಬಂದಾಗ ಆ ಡಬ್ಬಿ ತೆರೆದೆ, ಮಾತ್ರೆ ತುಂಬಿದ ಪಟ್ಟಿಗಳನ್ನು ಕಂಡೆ, ಇಷ್ಟೂ ಅಪ್ಪ ತಿನ್ನದೆ ಬಿಟ್ಟದ್ದು ಎಂದುಕೊಂಡೆ. ಆಮೇಲೆ ನನ್ನನ್ನು ಕೇಳಿದ ಪ್ರಶ್ನೆಯ ಅರ್ಥ ನನಗೆ ಈಗ ಆಗುತ್ತಿದೆ. "ಅಪ್ಪ ಮಾತ್ರೆ ಸರಿಯಾಗಿ ತಗೋತಿದ್ರಾ?" ಎಂದೆ. ನಾನು "ತಗೋತಿದ್ರು" ಎಂದು ಹೇಳಿ ಲೋಟ ತೊಳೆಯಲು ಎದ್ದು ಹೋದೆ. ಆ ಹೊತ್ತಿನಲ್ಲಿ ಅಪ್ಪ ಮಾಡುತ್ತಿದ್ದ ಯಾವ ಕೆಲಸದ ಬಗ್ಗೆಯೂ ಎರಡನೆಯ ವಾಕ್ಯ ಹೇಳುವ ಶಕ್ತಿ ನನಗಿರಲಿಲ್ಲ. ನೀನು ಅದನ್ನು ಮುಚ್ಚುಮರೆ ಎಂದುಕೊಂಡೆ. ಅಲ್ಲಿಂದಾಚೆಗೆ ನಾನು ಆಡಿದ ಮಾತು ನಿನ್ನಲ್ಲಿ ಕೂರಲು ಜಾಗ ಸಿಗದೆ ವಾಪಸ್ ಬರುತ್ತಲೇ ಇತ್ತು.

ನಿನ್ನ ಚೀಟಿ ಬಂದ ಮೇಲೆ ನಾನು ಆ ಪಟ್ಟಿಗಳನ್ನು ತಿರುಗಿಸಿ ನೋಡಿದೆ. ಬೆನ್ನ ಮೇಲೆ ತಯಾರಾದ ತಿಂಗಳು ಅಚ್ಚು ಹಾಕಿದ್ದಾರೆ. ಎಲ್ಲದರ ಮೇಲೂ ಒಂದೇ ತಿಂಗಳು. ತಪ್ಪಿಸಿದ ಮಾತ್ರೆಗಳಾಗಿದ್ದರೆ ಒಂದೊಂದರ ಮೇಲೆ ಒಂದೊಂದು ತಿಂಗಳು ಇರುತ್ತಿತ್ತು ಅಲ್ಲವೇ? ನಿನಗೆ ಒಂದು ಪಟ್ಟಿಯನ್ನು ಇದರ ಜೊತೆ ಕಳಿಸೋಣ ಎಂದು ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದುಬಿಟ್ಟೆ. ನಾನು ಹೇಳಿದ್ದು ಸಾಲದೆ ಸಾಕ್ಷಿ ಬೇರೆ ಬೇಕಾ ನಿನಗೆ? ಬೇಕಿದ್ದರೆ ಬಂದು ನೋಡು.

ಒಂದು ವಿಷಯಕ್ಕೆ ನಿನಗೆ ಕೋಪ ಬರಬೇಕು, ಬರಲಿ. ಮಾತ್ರೆ ಬದಲಾಗಿದ್ದು ಕೊನೆಗಾಲದಲ್ಲಿ ಎಂದು ನಿನಗೆ ಹೇಳಿದ್ದೆವು. ಅಲ್ಲ. ಅದಕ್ಕೂ ಎಷ್ಟೋ ತಿಂಗಳು ಮೊದಲೇ ಬದಲಾಗಿತ್ತು. ಅಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ನನ್ನ ಹತ್ತಿರ ಮಾತು ತೆಗೆದುಕೊಂಡರು. "ಅವಳು ಬರೀತಿರೋದೇ ಇಂಥ ಬೀಗದ ಬಗ್ಗೆ. ಹೇಳಿದ್ರೆ ಎಲ್ಲ ಬಿಟ್ಟು ಬಂದು ನನ್ನ ಮಂಚದ ಹತ್ರ ಕೂರ್ತಾಳೆ. ಅವಳು ಕೂತ್ರೆ ನನ್ನ ಕೀಲು ಬಿಗಿಯಾಗುತ್ತಾ? ಬರೆದು ಮುಗಿಸ್ಲಿ, ಆಮೇಲೆ ಹೇಳೋಣ" ಎಂದರು. ನಾನು ಒಪ್ಪಿದೆ. ಇನ್ನೊಂದು ಸಲ ಕೇಳಿದ್ದರೂ ಒಪ್ಪುತ್ತಿದ್ದೆ. ಅವರ ಕಾಯಿಲೆ, ಅವರ ಮಗಳು, ಅವರು ಕೇಳಿದ ಒಂದೇ ಒಂದು ಆಸೆ. ಆ ತಿಂಗಳುಗಳಲ್ಲಿ ಹೊಸ ಮಾತ್ರೆ ಚೆನ್ನಾಗಿ ಕೂತಿತ್ತು, ಅಪ್ಪ ದಿನಾ ಅಂಗಡಿಗೆ ಹೋಗುತ್ತಿದ್ದರು, ನೀನು ಫೋನಿನಲ್ಲಿ ಪ್ರಬಂಧದ ಕಥೆ ಹೇಳುತ್ತಿದ್ದೆ, ಅವರು ಸ್ಪೀಕರ್ ಹಾಕಿ ಗಿರಾಕಿಗಳಿಗೂ ಕೇಳಿಸುತ್ತಿದ್ದರು. ಅವು ಒಳ್ಳೆಯ ತಿಂಗಳುಗಳು. ಅವನ್ನು ನಾನು ಯಾರಿಗೂ ವಾಪಸ್ ಕೊಡುವುದಿಲ್ಲ. ಆಮೇಲೆ ಮಾತ್ರೆ ಕೂರುವ ಜಾಗದಲ್ಲೇ ಇನ್ನೊಂದು ಮಣಿ ಬದಲಾಯಿತು. ಅವತ್ತೇ ನಿನ್ನನ್ನು ಕರೆಸಿದೆವು. ಕೋಪ ಮಾಡಿಕೊಳ್ಳುವುದಿದ್ದರೆ ಈ ಮುಚ್ಚಿಟ್ಟಿದ್ದಕ್ಕೆ ಮಾಡಿಕೋ. ಇಲ್ಲದ ಬೀಗಕ್ಕೆ, ತಪ್ಪದ ಮಾತ್ರೆಗೆ ಯಾಕೆ?

ಒಂದು ಮಾತು ಹೇಳಲೋ ಬೇಡವೋ ಎಂದು ಇಷ್ಟು ಹೊತ್ತು ಯೋಚಿಸಿದೆ. ಹೇಳಿಬಿಡುತ್ತೇನೆ. ಹಿಡಿದುಕೊಂಡ ಮೇಲೆ ಎರಡೂ ಬಾಗುತ್ತವೆ ಎಂದಿದ್ದೆಯಲ್ಲ, ಅದು ನನಗೆ ಅರ್ಥವಾಗಿದ್ದು ಆಸ್ಪತ್ರೆಯಲ್ಲಿ. ಅಪ್ಪನ ಕೈ ಊದಿಕೊಂಡು ಮೊದಲಿನ ಹಾಗೆ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಬೆರಳ ಸಂದಿಗೆ ಬೆರಳು ಹೋಗುತ್ತಿರಲಿಲ್ಲ. ಆಗ ನಾನು ಅಂಗೈಯನ್ನು ಬೋಗುಣಿಯ ಹಾಗೆ ಮಾಡಿ ಒಡ್ಡುತ್ತಿದ್ದೆ, ಅವರು ಮುಷ್ಟಿಯನ್ನು ಅದರಲ್ಲಿ ಇಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಮುಷ್ಟಿಯೂ ಸಡಿಲವಾಗಿ ನನ್ನ ಕೈಯ ಆಕಾರಕ್ಕೆ ಬರುತ್ತಿತ್ತು. ಈಗಲೂ ಬೆಳಿಗ್ಗೆ ಎದ್ದಾಗ ನನ್ನ ಬಲಗೈ ಹಾಗೇ ಮಡಚಿಕೊಂಡಿರುತ್ತದೆ. ಖಾಲಿ ಬೋಗುಣಿ. ಯಂತ್ರದ ಮುಂದೆ ಕೂತು ಕೀಲಿ ಹಿಡಿದ ಮೇಲೆ ಬೆರಳುಗಳು ಬಿಚ್ಚಿಕೊಳ್ಳುತ್ತವೆ. ಅಂಗಡಿ ತೆರೆದಿದ್ದು ಸಂಪಾದನೆಗೆ ಎಂದು ಎಲ್ಲರಿಗೂ ಹೇಳಿದ್ದೇನೆ. ನಿನಗೆ ನಿಜ ಹೇಳುತ್ತಿದ್ದೇನೆ.

ನೀನು ಬರುತ್ತೀಯ. ಅದರಲ್ಲಿ ನನಗೆ ಒಂದು ಕೂದಲೆಳೆಯಷ್ಟೂ ಅನುಮಾನವಿಲ್ಲ. ಅಷ್ಟು ಕೋಪ ಇದ್ದಿದ್ದರೆ ನನ್ನ ಚಿಲಕ ಅಂಚೆಗೆ ಚೀಟಿ ಹಾಕುತ್ತಿರಲಿಲ್ಲ, ನೆಟ್ಟಗೆ ಸುಮ್ಮನಾಗುತ್ತಿತ್ತು. ಮುಂದಿನ ಶನಿವಾರ ಬಾ. ಫೋನ್ ಮಾಡಬೇಡ, ಬೆಲ್ ಒತ್ತಬೇಡ. ನಾನು ಒಳಗೇ ಇರುತ್ತೇನೆ, ಆದರೆ ಎದ್ದು ಬಂದು ತೆರೆಯುವುದಿಲ್ಲ. ನೀನೇ ನಿನ್ನ ಕೀಲಿ ಹಾಕು. ಎಡಗೈಯಲ್ಲಿ ಹಿಡಿಕೆ ಹಿಡಿದು ಮೇಲಕ್ಕೆತ್ತು, ಭುಜದಿಂದ ಒಂಚೂರು ಒತ್ತು, ಬಲಗೈಯಲ್ಲಿ ತಿರುಗಿಸು. ಮೊದಲ ಸಲಕ್ಕೆ ಆಗದಿದ್ದರೆ ಇನ್ನೊಂದು ಸಲ. ನಿನ್ನ ಮಂಚಕ್ಕೆ ಒಗೆದ ಹೊದಿಕೆ ಹಾಕಿದ್ದೇನೆ. ಬರುವಾಗ ಚಳಿಗೆ ಏನಾದರೂ ಹೊದ್ದುಕೊಂಡು ಬಾ, ಶೋಕಿ ಮಾಡಬೇಡ.

ನಿನ್ನ ಬೀಗವೂ ಅಲ್ಲದ, ಕೀಲಿಯೂ ಅಲ್ಲದ,
ಅಮ್ಮ

ಮರೆತ ಮಾತು: ಪತ್ರ ಮಡಚಿದ ಮೇಲೆ ಮತ್ತೆ ಬಿಚ್ಚಿದೆ. ಬಾಗಿಲು ಜೋತಿದ್ದು ತೇವಕ್ಕೆ ಎಂದು ಮೇಲೆ ಬರೆದಿದ್ದೇನೆ. ಅದು ಸುಳ್ಳು. ಅಪ್ಪನನ್ನು ಕೊನೆಯ ಸಲ ಆಸ್ಪತ್ರೆಗೆ ಒಯ್ದ ಬೆಳಿಗ್ಗೆ, ನೀನು ಇನ್ನೂ ದಾರಿಯಲ್ಲಿದ್ದೆ, ಸ್ಟ್ರೆಚರ್ ನಮ್ಮ ಬಾಗಿಲಲ್ಲಿ ತಿರುಗಲಿಲ್ಲ. ಆಂಬುಲೆನ್ಸಿನವರು ಬಾಗಿಲನ್ನು ಕೀಲಿನಿಂದ ಬಿಚ್ಚಿ ಗೋಡೆಗೆ ಒರಗಿಸಿದರು. ಆಮೇಲೆ ಅವರಲ್ಲೊಬ್ಬ ಅವಸರದಲ್ಲಿ ವಾಪಸ್ ಕೂರಿಸಿದ. ಮೇಲಿನ ಕೀಲಿನಲ್ಲಿ ಮೂರು ಸ್ಕ್ರೂ ಇರಬೇಕು, ಎರಡೇ ಹಾಕಿದ. ಅಪ್ಪ ಮಲಗಿದ್ದಲ್ಲಿಂದಲೇ ನೋಡುತ್ತಿದ್ದರು. ಮೆಟ್ಟಿಲಿಳಿಯುವಾಗ ನನ್ನ ಸೆರಗು ಹಿಡಿದು, "ಮೇಲಿನ ಕೀಲು ಬಿಗಿ ಮಾಡ್ಸು ಕಣೆ, ಬಾಗ್ಲು ಜೋತುಬೀಳುತ್ತೆ" ಎಂದರು. ಈ ಮನೆಯಲ್ಲಿ ಅವರು ಆಡಿದ ಕೊನೆಯ ಮಾತು ಅದು. ಆ ಸ್ಕ್ರೂ ಚಪ್ಪಲಿ ಗೂಡಿನ ಕೆಳಗೆ ಸಿಕ್ಕಿತು. ಅವತ್ತಿನಿಂದ ನನ್ನ ಪರ್ಸಿನಲ್ಲೇ ಇದೆ. ಬಡಗಿ ಬರುತ್ತೇನೆಂದ, ಬೇಡವೆಂದೆ. ಹಾಕಿಬಿಟ್ಟರೆ ಅವರು ಹೇಳಿದ ಕೆಲಸ ಮುಗಿದುಹೋಗುತ್ತದಲ್ಲ ಎನ್ನಿಸುತ್ತಿತ್ತು. ಈಗ ಮುಗಿಸಬೇಕು. ಆದರೆ ಅದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ, ಒಬ್ಬರು ಬಾಗಿಲು ಎತ್ತಿ ಹಿಡಿಯಬೇಕು, ಇನ್ನೊಬ್ಬರು ಸ್ಕ್ರೂ ತಿರುಗಿಸಬೇಕು. ಎತ್ತಿ ಹಿಡಿಯುವುದು ನನಗೆ ಅಭ್ಯಾಸವಾಗಿದೆ. ಸ್ಕ್ರೂಡ್ರೈವರ್ ನಿನ್ನ ಕೈಗೆ.